ಅಮಾಸಿತನಕ ಬಿಚ್ಚದ ಕಟ್ಟು

ಎಸರು ಕೊತಕೊತ ಕುದಿಯುತ್ತಿತ್ತು. ಸೌಭಾಗ್ಯ ಪರಾತದೊಳಗಿನ ಜೋಳದ ಹಿಟ್ಟಿನ ನಡುವೆ ಗುಂಡಿ ಮಾಡಿ, ಒಲೆಯ ಮೇಲಿನ ಬೋಗುಣಿ ಇಳಿಸಲಿಕ್ಕೆ ಅರಿವೆ ಹಿಡಿದು ಕೈ ಚಾಚಿದಳು. ಅಷ್ಟರಲ್ಲಿ ಅತ್ತೆ ದೇವಕ್ಕ ನಡುವೆ ಬಂದಳು.

"ಸರಿ ಅತ್ತಾಗ. ನಾ ಹುಯ್ಯತೀನಿ."

"ಹನ್ನೊಂದು ವರ್ಷಾತ್ರಿ ಅತ್ತಿ. ಇನ್ನಾ ನೀವ ಹುಯ್ಯೋದೇನ್ರಿ? ನಾಳೆ ನಿಮಗ ಕೈ ನಡುಗಿದ್ರ ನನ್ನ ತಲಿ ಮ್ಯಾಲ ಹುಯ್ದೀರಿ."

"ನಡುಗಿದಾಗ ನೋಡೋಣಂತ. ಈಗ ಸರಿ."

ಸೌಭಾಗ್ಯ ನಗುತ್ತ ಸರಿದಳು. ದೇವಕ್ಕ ಎಸರು ಹುಯ್ದಳು, ಕಟ್ಟಿಗೆಯಿಂದ ತಿರುವಿದಳು, ಹಬೆ ಆರಿದ ಮೇಲೆಯೇ ಪರಾತ ಸೊಸೆಯ ಮುಂದೆ ತಳ್ಳಿದಳು. ಗೋಗಿಯ ಆ ಮನೆಯಲ್ಲಿ ದಿನಾ ಮುಂಜಾನೆ ನಡೆಯುವ ಜಗಳ ಇದು.

ಸೌಭಾಗ್ಯಳ ಬಲಗೈ ನೋಡಿದವರು ಇನ್ನೊಂದು ಸಲ ನೋಡುತ್ತಾರೆ. ಬೆರಳುಗಳ ಸಂದಿಯಲ್ಲಿ ಬೇರೆ ಬಣ್ಣದ ಚರ್ಮ, ತೇಪೆ ಹಾಕಿದ ಹಾಗೆ. ಅದು ಅವಳದೇ ತೊಡೆಯ ಚರ್ಮ. ಕಿರುಬೆರಳು ಇನ್ನೂ ಕೊಂಡಿಯ ಹಾಗೆ ಬಾಗಿದೆ. ಆ ಕೈಯಿಂದಲೇ ಅವಳು ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ. ಪಟಪಟ ಸದ್ದು ಶುರುವಾದರೆ ದೇವಕ್ಕ ಹಂಚಿನ ಮುಂದೆ ಕುಳಿತು "ಶಿವನೇ, ನಿನ್ನ ದಯಾ" ಅನ್ನುತ್ತಾಳೆ. ದಿನಾ ಅನ್ನುತ್ತಾಳೆ. ಮೊಮ್ಮಗಳು ಕಸ್ತೂರಿ, "ಆಯಿ, ಶಿವಂದಷ್ಟೇ ಅಲ್ಲ, ಸಂಗಮನಾಥ ಡಾಕ್ಟರ್‍ದೂ ದಯಾ" ಅಂತ ಸೇರಿಸುತ್ತಾಳೆ.

ಕಸ್ತೂರಿ ನರ್ಸ್ ಓದು ಮುಗಿಸಿ ಶಹಾಪುರದ ಒಂದು ಖಾಸಗಿ ದವಾಖಾನೆಗೆ ದಿನಾ ಟಂಟಂ ಆಟೋದಲ್ಲಿ ಹೋಗಿಬರುವ ಹುಡುಗಿ. ಅಂದು ಮುಂಜಾನೆ ಅವಳು ಮೊಬೈಲು ಹಿಡಿದುಕೊಂಡೇ ಊಟದ ಜಾಗಕ್ಕೆ ಬಂದಳು. ಅವಳ ಅಪ್ಪ ಬಸವಲಿಂಗ ಭೀಮರಾಯನಗುಡಿಯ ಕಾಲುವೆ ಆಫೀಸಿಗೆ ಹೊರಡುವ ಅವಸರದಲ್ಲಿ ರೊಟ್ಟಿ ಮುರಿಯುತ್ತಿದ್ದ.

"ಅಪ್ಪ, ಕಲಬುರಗಿಯೊಳಗ ಅವ್ವನ ಕೈ ಆಪರೇಷನ್ ಆದ ದವಾಖಾನಿ ಅದಲ್ಲ, ಅಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗದಾಗ ಸಂಶೋಧನಾ ತರಬೇತಿ ಕರದಾರ. ಗಾಯ ಹ್ಯಾಂಗ ಮಾಯ್ತಾವ ಅಂತ ಅಭ್ಯಾಸ ಮಾಡೋದು. ಒಂದು ವರ್ಷ. ನರ್ಸ್‌ಗಳಿಗೆ ಎರಡ ಸೀಟು. ಸಂಗಮನಾಥ ಡಾಕ್ಟರೇ ಹಿರೇರು."

"ಒಂದು ವರ್ಷ ಗಾಯ ನೋಡಕೋತ ಕುಂದ್ರತೀಯೇನು?"

"ನೋಡೋದಷ್ಟೇ ಅಲ್ಲಪ್ಪ. ಗಾಯದ ಮ್ಯಾಲ ತೆಳ್ಳನ ಹಾಳಿ ಇಟ್ಟು ಅಂಚಿನ ಗೆರಿ ಎಳೀತಾರ. ವಾರ ವಾರ ಎಷ್ಟು ಸಣ್ಣದಾತು ಅಳೀತಾರ. ಹಳ್ಳಿಗೆ ಹೋಗಿ ಮನಿಯಾಗ ಏನ್ ಹಚ್ಚಿದ್ರಿ ಅಂತ ಕೇಳಿ ಬರೀತಾರ."

"ಸುರಪುರದಾಗ ನರ್ಸ್ ಜಾಗಾ ಖಾಲಿ ಅದ. ಹಗಲು ಡ್ಯೂಟಿ. ನಿಮ್ಮ ಮಾವನ ಮನಿಯಾಗ ಇದ್ರಾತು. ಅದು ಬಿಟ್ಟು ಊರ ಮಂದಿ ಹುಣ್ಣು ಅಳಿಯಾಕ ಹೋಗ್ತಾಳಂತ!" ಬಸವಲಿಂಗ ಹೆಂಡತಿಯ ಕಡೆ ಕತ್ತು ತಿರುಗಿಸಿದ. "ಎಲ್ಲಾ ನಿನ್ನ ಕೈಯಿಂದ ಹತ್ತಿದ ಹುಚ್ಚು. ಆವಾಗ ಸರ್ಯಾಗಿ ಕಾಳಜಿ ಮಾಡಿದ್ದರ ಕಲಬುರಗಿ ಹಾದಿನ ಹಿಡೀತಿದ್ದಿಲ್ಲ ನಾವು."

ಸೌಭಾಗ್ಯ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

"ಆಯಿ, ರೊಟ್ಟಿ!" ಅಂದಳು ಕಸ್ತೂರಿ.

ಸುಡುವ ರೊಟ್ಟಿಯನ್ನು ದೇವಕ್ಕ ಬರಿಗೈಯಲ್ಲೇ ತಿರುವಿದಳು.

ಅರ್ಜಿಯ ಜೊತೆಗೆ ಒಂದು ಪುಟದ ಬರಹ ಕೇಳಿದ್ದರು. ನಿಮ್ಮೂರಿನ ಒಂದು ಗಾಯ, ಮೊದಲ ದಿನದಿಂದ ಕೊನೆಯತನಕ, ಇದ್ದದ್ದು ಇದ್ದಂತೆ. ಕಸ್ತೂರಿ ಅವ್ವನ ಕೈಯ ಕಥೆಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡಳು. ಆ ನೋಟುಬುಕ್ಕು ಕಟ್ಟೆಯ ಮೇಲೆ ಇಟ್ಟು ನೀರಿಗೆ ಹೋದಳು.

ದೇವಕ್ಕನಿಗೆ ಓದಲಿಕ್ಕೆ ಬಂದದ್ದು ಐವತ್ತಾರನೇ ವಯಸ್ಸಿಗೆ. ಶಾಲೆಯ ಪಡಸಾಲೆಯಲ್ಲಿ ಲಕ್ಷ್ಮಿ ಟೀಚರ್ ನಡೆಸುತ್ತಿದ್ದ ರಾತ್ರಿ ವರ್ಗಕ್ಕೆ ಎರಡು ವರ್ಷ ಹೋಗಿ ಕಲಿತಳು. ಈಗ ಎಲ್ಲಿ ಅಕ್ಷರ ಕಂಡರೂ ಬಿಡುವುದಿಲ್ಲ. ಬಸ್ಸಿನ ಬೋರ್ಡು, ಸಾಬೂನಿನ ಹಾಳೆ, ಪಡಸಾಲೆಯ ಕ್ಯಾಲೆಂಡರು, ಎಲ್ಲ ಓದುತ್ತಾಳೆ. ನೋಟುಬುಕ್ಕಿನ ಮೇಲೆ ಬೆರಳಿಟ್ಟು ಓದಿದಳು. "ಮನೆಯಲ್ಲಿ ಏನನ್ನೂ ಹಚ್ಚಿರಲಿಲ್ಲ. ರೋಗಿಯ ನಿರ್ಲಕ್ಷ್ಯದಿಂದ ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು."

ಕಸ್ತೂರಿ ಬಂದು ಕೊಡ ಇಳಿಸಿದಾಗ ದೇವಕ್ಕ ಕೇಳಿದಳು: "ನಿರ್ಲಕ್ಷ್ಯ ಅಂದ್ರ ಏನ ಯವ್ವಾ?"

"ನಿಷ್ಕಾಳಜಿ, ಆಯಿ. ಕಾಳಜಿ ಮಾಡಲಾರದ್ದು."

"ಯಾರ್ದು?"

"ಅವ್ವಂದು. ಅಪ್ಪ ಯಾವಾಗ್ಲೂ ಅಂತಾನಲ್ಲ. ದವಾಖಾನಿ ಕಾಗದದಾಗೂ ಮನಿಯಾಗ ಏನೂ ಹಚ್ಚಿಲ್ಲ ಅಂತ ಬರದದ."

ಬಚ್ಚಲ ಕಡೆ ಸೌಭಾಗ್ಯ ಪಾತ್ರೆ ತಿಕ್ಕುತ್ತಿದ್ದಳು. ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

ನಡೆದದ್ದು ಬೇರೆ. ಕಸ್ತೂರಿ ಆಗ ಹನ್ನೆರಡರ ಹುಡುಗಿ, ಬೇಸಿಗೆ ಸೂಟಿಗೆ ಸುರಪುರದ ಮಾವನ ಮನೆಗೆ ಹೋಗಿದ್ದಳು. ಬಸವಲಿಂಗ ಡ್ಯಾಮಿನ ಕಡೆ ಕ್ಯಾಂಪಿನಲ್ಲಿದ್ದ. ಎಸರಿನ ಬೋಗುಣಿ ಇಳಿಸುವಾಗ ಅರಿವೆ ಜಾರಿ ಸೌಭಾಗ್ಯಳ ಬಲಗೈ ಪೂರ್ತಿ ಬೆಂದಿತು. ದೇವಕ್ಕ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ಪುಡಿ ಮಾಡಿದಳು, ಔಡಲೆಣ್ಣೆಯಲ್ಲಿ ಕಲಸಿದಳು, ಬೆಂದ ಕೈಗೆ ಮೆತ್ತಿದಳು. ಐದೂ ಬೆರಳು ಕೂಡಿಸಿ ಹಳೆ ಧೋತರದ ಅರಿವೆಯಲ್ಲಿ ಬಿಗಿದು ಕಟ್ಟಿದಳು. ದೇವರ ಬೂದಿಯ ಕಟ್ಟು, ಅಮಾಸಿತನಕ ಬಿಚ್ಚಬಾರದು ಅಂತ ಅವಳ ತವರಿನ ಪದ್ಧತಿ. ಅಮಾಸಿ ಹದಿನೇಳು ದಿನ ದೂರವಿತ್ತು. ಸೌಭಾಗ್ಯ ಜ್ವರದಲ್ಲಿ ನರಳಿದಳು, ಅರಿವೆ ವಾಸನೆ ಹೊಡೆಯಿತು. ದೇವಕ್ಕ ಬಿಚ್ಚಲಿಲ್ಲ. ಬಿಚ್ಚಿದ ದಿನ ಒಳಗೆ ಬೆರಳು ಇರಲಿಲ್ಲ, ಒಂದು ಮುದ್ದೆ ಇತ್ತು.

ಕಲಬುರಗಿಯ ಸಂಗಮನಾಥ ಡಾಕ್ಟರು ಎರಡು ಆಪರೇಷನ್ ಮಾಡಿ ಒಂದೊಂದೇ ಬೆರಳು ಬಿಡಿಸಿದರು. "ಮನಿಯಾಗ ಏನರೆ ಹಚ್ಚಿದ್ರೇನವ್ವ?" ಅಂತ ಕೇಳಿದರು. ಮಗ ಪಕ್ಕದಲ್ಲೇ ನಿಂತಿದ್ದ. ದೇವಕ್ಕ "ಏನಿಲ್ರಿ" ಅಂದಳು. ಡಾಕ್ಟರು ಸೌಭಾಗ್ಯಳ ಮುಖ ನೋಡಿದರು. ಸೌಭಾಗ್ಯ ಅತ್ತೆಯ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

ಮನೆಗೆ ಕಳಿಸುವ ದಿನ ಡಾಕ್ಟರು ತಮ್ಮ ವಿಳಾಸ ಬರೆದ ಒಂದು ಇನ್‌ಲ್ಯಾಂಡ್ ಕಾಗದ ದೇವಕ್ಕನ ಕೈಗೇ ಕೊಟ್ಟಿದ್ದರು. "ಕೈ ಹ್ಯಾಂಗದ ಅಂತ ಬರಸ್ರಿ. ಏನರೆ ಹಚ್ಚಿದ್ದು ನೆನಪಾದ್ರ ಅದೂ ಬರಸ್ರಿ. ನಾ ಬಯ್ಯಾಂಗಿಲ್ಲ. ಗೊತ್ತಾದ್ರ ಮತ್ತೊಬ್ಬರ ಕೈ ಉಳಿತದ." ಆ ಕಾಗದ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ ಇನ್ನೂ ಇತ್ತು. ಬರೆಸಬೇಕಾದರೆ ಇನ್ನೊಬ್ಬರಿಗೆ ಹೇಳಬೇಕಿತ್ತು. ಅದಕ್ಕೇ ತಾನೇ ಕಲಿಯಬೇಕು ಅಂತ ರಾತ್ರಿ ವರ್ಗಕ್ಕೆ ಹೋದಳು. ಕಲಿತೂ ಬರೆಯಲಿಲ್ಲ.

ಮಧ್ಯಾಹ್ನ ಅತ್ತೆ ಸೊಸೆ ಜೋಳ ಹಸನು ಮಾಡುತ್ತ ಕುಳಿತಾಗ ದೇವಕ್ಕ ಅಂದಳು, "ನೀ ಒಂದು ದಿನಾನೂ ಬಾಯಿ ಬಿಡಲಿಲ್ಲಲ್ಲ ಸೌಭಾಗ್ಯ."

"ನಿಮ್ಮ ಮಗ ನನಗ ಅಂದ್ರ ಒಂದು ಕಿವಿಲೆ ಕೇಳಿ ಒಂದು ಕಿವಿಲೆ ಬಿಡ್ತೀನ್ರಿ. ನಿಮಗ ಅಂದ್ರ ನೀವು ಊಟ ಬಿಡ್ತೀರಿ. ನಿಮಗ ರಮಿಸಿ ಉಣಿಸೋ ಕೆಲಸ ಮತ್ತ ನಂದ."

"ಈ ಸಲ ಹೇಳ್ತೀನಿ."

"ಹೇಳ್ರಿ. ಹೋದ ಮಾನೌಮಿ ಹಬ್ಬಕ್ಕೂ ಹೇಳ್ತೀನಿ ಅಂದಿದ್ರಿ."

ಅಂದು ಸಂಜೆ ಊಟಕ್ಕೆ ಕೂತಾಗ ದೇವಕ್ಕ "ಬಸವಲಿಂಗ..." ಅಂತ ಶುರು ಮಾಡಿದಳು. ಅವನು ತಲೆ ಎತ್ತಿದ. "ಉಪ್ಪು ಬೇಕೇನಪ್ಪ?" ಅಂದಳು. ಮರುದಿನ ಮತ್ತೆ "ಬಸವಲಿಂಗ..." ಅಂದಳು. ಆವತ್ತು ಶೇಂಗಾ ಹಿಂಡಿ ಬೇಕೇನು ಅಂತ ಕೇಳಿದಳು. ಮೂರನೇ ದಿನ ಮಗನೇ ಅಂದ, "ಯವ್ವ, ಉಪ್ಪು ಅದ, ಹಿಂಡಿ ಅದ, ಮಸರು ಅದ. ನೀ ಉಣ್ಣು." ಸೌಭಾಗ್ಯ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಆ ಐತವಾರ ಎಲ್ಲರೂ ಮನೆಯಲ್ಲಿದ್ದರು. ಕಸ್ತೂರಿ ತನ್ನ ಪುಟವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅರ್ಜಿ ಹಾಕಲಿಕ್ಕೆ ಇನ್ನು ಮೂರೇ ದಿನ. ಬಸವಲಿಂಗ "ಹಾಕಿದ್ರೂ ಕಳಸಾಂವಲ್ಲ" ಅಂತ ಪೇಪರಿನ ಹಿಂದಿನಿಂದ ಅನ್ನುತ್ತಿದ್ದ. ಅಷ್ಟರಲ್ಲಿ ಹಿಂದಿನ ಓಣಿಯ ಮಲ್ಲಾಬಾಯಿ ತನ್ನ ಮೊಮ್ಮಗಳು ಗುಡ್ಡಿಯನ್ನು ಎತ್ತಿಕೊಂಡು ಓಡಿ ಬಂದಳು. ನಾಲ್ಕು ವರ್ಷದ ಕೂಸು ಚೀರುತ್ತಿತ್ತು. ಕುದಿಯುವ ಚಾ ಕಾಲ ಮೇಲೆ ಬಿದ್ದು ಪಾದದ ಮೇಲ್ಭಾಗ ಕೆಂಪಗೆ ಬೊಬ್ಬೆ ಎದ್ದಿತ್ತು.

"ದೇವಕ್ಕಮ್ಮೋರ, ವಿಭೂತಿ ಕೊಡ್ರಿ! ನಿಮ್ಮ ಜಗಲಿ ಮ್ಯಾಲಿಂದು. ಲಗೂನ ಕೊಡ್ರಿ, ಕಟ್ತೀನಿ!"

ದೇವಕ್ಕ ಎದ್ದವಳು ಜಗಲಿಯ ಬಾಗಿಲಿಗೆ ಅಡ್ಡ ನಿಂತಳು. "ಇಲ್ಲ."

"ಇಲ್ಲ ಅಂದ್ರ? ಅಲ್ಲೇ ಕಾಣಾಕತ್ತದಲ್ರಿ ಗಟ್ಟಿ!"

"ಕೊಡಂಗಿಲ್ಲ ಮಲ್ಲಾಬಾಯಿ. ಕಸ್ತೂರಿ, ನೀರು ತಾ. ಕೂಸಿನ ಕಾಲಿಗಿ ತಣ್ಣೀರು ಬಿಡು."

ಕಸ್ತೂರಿ ಆಗಲೇ ಕೊಡ ಹಿಡಿದು ಓಡಿದ್ದಳು. ಮಲ್ಲಾಬಾಯಿಗೆ ಸಿಟ್ಟು ನೆತ್ತಿಗೇರಿತು. ಅಂಗಳದಲ್ಲಿ ನಿಂತು ದನಿ ಎತ್ತಿದಳು.

"ನಿಮ್ಮ ಸೊಸಿಗೆ ಹಚ್ಚಿದ್ರಲ್ಲ! ನಾನ ನೋಡೀನಿ, ಧೋತರ ಹರದು ಕೊಟ್ಟಾಕಿ ನಾನ! ಅಕಿ ಕೈ ನೆಟ್ಟಗಾಗ್ಯಾದ. ನಮ್ಮ ಕೂಸಿಗಿ ಯಾಕಿಲ್ಲ? ನಾವು ಬ್ಯಾರೆ ಕುಲದವರಂತೇನ್ರಿ? ನಿಮ್ಮ ದೇವರು ನಮಗ ಆಗಲ್ಲೇನ್ರಿ?"

ಬಸವಲಿಂಗ ಪೇಪರು ಇಳಿಸಿದ. "ಏನ್ ಹಚ್ಚಿದ್ಲು ಇಕಿಗಿ?"

ಗುಡ್ಡಿಯ ಕಾಲ ಮೇಲೆ ನೀರು ಬೀಳುತ್ತಿತ್ತು. ಸೌಭಾಗ್ಯ ಎದ್ದು, "ಏನಿಲ್ರಿ, ಮಲ್ಲಾಬಾಯಿಗಿ ನೆನಪು..." ಅನ್ನುತ್ತ ಮತ್ತೆ ಅಡ್ಡ ಬರಲಿಕ್ಕೆ ನೋಡಿದಳು.

"ನೀ ಸುಮ್ಮಿರು ಸೌಭಾಗ್ಯ," ಅಂದಳು ದೇವಕ್ಕ. "ಮಲ್ಲಾಬಾಯಿ, ಕುಲದ ಮಾತಲ್ಲ ಯವ್ವಾ. ಸೊಸಿ ಕೈ ವಿಭೂತಿಲೆ ನೆಟ್ಟಗಾಗಿಲ್ಲ. ವಿಭೂತಿ ಹಚ್ಚಿ ಕಟ್ಟಿದ್ದಕ್ಕ ಬೆರಳು ಕೂಡಿದ್ವು. ಅಮಾಸಿತನಕ ಬಿಚ್ಚಲಾರದ್ದಕ್ಕ ಹುಣ್ಣಾತು. ನೆಟ್ಟಗ ಮಾಡಿದವ್ರು ಕಲಬುರಗಿ ಡಾಕ್ಟರು. ನಾ ಯಾರಿಗೂ ಹೇಳಿಲ್ಲ. ಡಾಕ್ಟರಿಗೂ ಸುಳ್ಳು ಹೇಳಿದೆ, ಮಗನಿಗೂ ಸುಳ್ಳು ಹೇಳಿದೆ. ದೇವರಿಗಿ ಕೈಮುಗಿ, ಹಣಿಗಿ ಹಚ್ಚು, ಕೂಸಿನ ಗಾಯಕ್ಕ ಮಾತ್ರ ಬ್ಯಾಡ. ದವಾಖಾನಿಗಿ ನಡಿ."

ಮಲ್ಲಾಬಾಯಿ ಕೂಸಿನ ಹತ್ತಿರ ಕುಳಿತಳು. ಆಮೇಲೆ ಸಣ್ಣ ದನಿಯಲ್ಲಿ, "ನಾ ನಮ್ಮ ಓಣಿ ಹೆಣ್ಮಕ್ಕಳಿಗೆಲ್ಲ ಹೇಳೀನಲ್ರಿ, ದೇವಕ್ಕಮ್ಮೋರ ವಿಭೂತಿ ಭಾರಿ ಅಂತ," ಅಂದಳು.

"ಇನ್ನ ಮ್ಯಾಲ ಇದನ್ನ ಹೇಳು."

ನೀರು ಬಿಟ್ಟದ್ದು ಸಾಕಾದ ಮೇಲೆ ಕಸ್ತೂರಿ ಕಾಲನ್ನು ಒಗೆದ ಅರಿವೆಯಲ್ಲಿ ಸಡಿಲಾಗಿ ಸುತ್ತಿದಳು. ಬಸವಲಿಂಗ ಬೈಕ್ ತೆಗೆದ, ಮಲ್ಲಾಬಾಯಿಯನ್ನೂ ಕೂಸನ್ನೂ ಶಹಾಪುರದ ದವಾಖಾನೆಗೆ ಒಯ್ದ.

ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಹನ್ನೊಂದು ವರ್ಷ! ಹನ್ನೊಂದು ವರ್ಷ ನಾ ಇಕಿಗಿ ಅನಕೋತ ಬಂದೀನಿ. ಬೀಗರ ಮುಂದ ಅಂದೀನಿ, ಇಕಿ ತವರ ಮನಿಯಾಗ ಕುಂತು ಅಂದೀನಿ. ನೀ ಕೇಳಕೋತ ಕುಂತಿದ್ದಿ ಯವ್ವ!"

"ಕುಂತಿದ್ದೆ," ಅಂದಳು ದೇವಕ್ಕ.

"ಬಾಯಿ ಇದ್ದಿಲ್ಲೇನು?"

"ಇತ್ತಪ್ಪ. ಧೈರ್ಯ ಇದ್ದಿಲ್ಲ. ನೀ ಆವಾಗ ಅಂತಿದ್ದಿ, ಯಾರಿಂದ ಹಿಂಗಾತೋ ಅವ್ರ ಕೈಯಾಗ ಒಂದು ಹನಿ ನೀರು ಕುಡ್ಯಾಂಗಿಲ್ಲ ಅಂತ."

ಬಸವಲಿಂಗ ಹೆಂಡತಿಯ ಕಡೆ ತಿರುಗಿದ. "ನೀನರೆ ಹೇಳಬೇಕಿಲ್ಲೇನು?"

"ಹೇಳಿದ್ರ ಏನ್ ಮಾಡ್ತಿದ್ರಿ? ಮನಿಯಾಗ ಎರಡು ಒಲಿ ಆಗ್ತಿದ್ವು." ಸೌಭಾಗ್ಯ ಹಂಚು ಒಲೆಗೆ ಏರಿಸಿದಳು. "ಅತ್ತಿ ಹಚ್ಚಿದ್ದು ಸುಳ್ಳಲ್ರಿ. ಏಳು ತಿಂಗಳು ನನಗ ತುತ್ತು ಮಾಡಿ ಉಣಿಸಿದ್ದೂ ಸುಳ್ಳಲ್ಲ. ತಲಿ ಬಾಚಿದ್ದು, ಸೀರಿ ಉಡಿಸಿದ್ದು, ಹಿಟ್ಟಿನ ಉಂಡಿ ಕೈಯಾಗ ಕೊಟ್ಟು ಹಿಚಕು ಹಿಚಕು ಅಂತ ಬೆರಳು ಬಿಡಿಸಿದ್ದು, ಅದೆಲ್ಲ ಯಾರು ಮಾಡಿದ್ರಿ? ನೀವು ಕ್ಯಾಂಪಿನಾಗ ಇದ್ರಿ."

ಕಸ್ತೂರಿ ನೋಟುಬುಕ್ಕಿನ ಹಾಳೆ ಹರಿದಳು. "ಅವ್ವ, ನಾನೂ ಬರದಿದ್ದೆ. ನಿರ್ಲಕ್ಷ್ಯ ಅಂತ."

"ಹರದಿಯಲ್ಲ, ಆತು. ಈಗ ಆಯಿನ ಕೇಳಿ ಮೊದಲಿಂದ ಬರಿ. ಹಚ್ಚಿದ್ದೂ ಬರಿ, ಉಣಿಸಿದ್ದೂ ಬರಿ."

ಆ ರಾತ್ರಿ ಬಸವಲಿಂಗ ಸರಿಯಾಗಿ ಉಣ್ಣಲಿಲ್ಲ. ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಾಟು ಎತ್ತಿಕೊಂಡು ತಾನೇ ಬಚ್ಚಲಿಗೆ ಹೋಗಿ ತೊಳೆದ. ಲಗ್ನವಾದಾಗಿನಿಂದ ಅದು ಮೊದಲ ಸಲ. ಸೌಭಾಗ್ಯ, "ಜಿಡ್ಡು ಹೋಗಿಲ್ರಿ, ಮತ್ತೊಂದು ಸಲ ತಿಕ್ರಿ," ಅಂದಳು. ಅವನು ಮತ್ತೊಂದು ಸಲ ತಿಕ್ಕಿದ. ಆಮೇಲೆ ಕೈ ಒರೆಸುತ್ತ ತಾಯಿಯ ಎದುರು ನಿಂತ.

"ಯವ್ವ, ಒಂದು ಗಿಲಾಸ ನೀರು ಕೊಡು."

ದೇವಕ್ಕ ಕೊಟ್ಟಳು. ಅವನು ನಿಂತಲ್ಲೇ ಕುಡಿದ. ಗಿಲಾಸು ಕೆಳಗಿಟ್ಟು ಮಗಳಿಗೆ ಅಂದ, "ನಿನ್ನ ಅರ್ಜಿ ಇವತ್ತ ಕಡೀ ದಿನ ಅಲ್ಲ? ಹಾಕು."

ಆಮೇಲಿನ ವಾರಗಳು ಗುಡ್ಡಿಯ ಕಾಲಿನವು. ದವಾಖಾನೆಯವರು ಹೇಳಿದ ದಿನಕ್ಕೆ ಹೇಳಿದ ಹಾಗೆ ಕಸ್ತೂರಿ ಪಟ್ಟಿ ಬದಲಿಸುತ್ತಿದ್ದಳು. ಡಾಕ್ಟರನ್ನು ಕೇಳಿಕೊಂಡು ಗಾಯದ ಮೇಲೆ ಶುದ್ಧ ಮಾಡಿದ ತೆಳು ಹಾಳೆ ಇಟ್ಟು ಅಂಚಿನ ಗೆರೆ ಎಳೆದುಕೊಂಡಳು. ಮೊದಲ ವಾರದ ಗೆರೆ ಸಣ್ಣ ಪೂರಿಯಷ್ಟು. ಎರಡನೇ ವಾರದ್ದು ನಿಂಬೆಹಣ್ಣಿನ ಹೋಳಿನಷ್ಟು. ಮೂರನೇ ವಾರದ್ದು ಎಂಟಾಣೆಯಷ್ಟು. ಮೂರೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ತೋರಿಸಿದಳು. ದೇವಕ್ಕ ಬಹಳ ಹೊತ್ತು ನೋಡಿದಳು.

"ಹಿಂಗ ಒಳಗೊಳಗ ಕೂಡತದೇನು?"

"ಅಂಚಿನಿಂದ ಒಳಗ ಬರತದ ಆಯಿ. ದಿನಾ ಬಿಚ್ಚಿ ನೋಡಿದ್ರ ಗೊತ್ತಾಗ್ತದ."

"ಪ್ಲಾಸ್ಟಿಕ್ ಸರ್ಜರಿ ಅಂತೀರಲ್ಲ, ಪ್ಲಾಸ್ಟಿಕ್ ಎಲ್ಲೆದ ಇದ್ರಾಗ?" ಅಂತ ಕೂಸನ್ನು ಹಿಡಿದು ಕೂತಿದ್ದ ಮಲ್ಲಾಬಾಯಿ ಕೇಳಿದಳು.

"ಪ್ಲಾಸ್ಟಿಕ್ ಏನೂ ಇಲ್ಲಬೇ," ಅಂದಳು ದೇವಕ್ಕ ತಿಳಿದವಳ ಹಾಗೆ. "ನಮ್ದ ಚರ್ಮ, ನಮಗ. ಸೌಭಾಗ್ಯಂದು ತೊಡಿಂದು ಕೈಗಿ ಬಂದದ."

"ಅದಕ್ಕ ಈ ಕೈಲೆ ಯಾರಿಗೂ ಹೊಡಿಯಾಂಗಿಲ್ಲ ನಾನು," ಅಂದಳು ಸೌಭಾಗ್ಯ. "ಹೊಡದ್ರ ಒದ್ದಂಗ ಆಗ್ತದ."

ಮಲ್ಲಾಬಾಯಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಹೋಗುವಾಗ ಸೆರಗಿನಿಂದ ಎರಡು ಸೇರು ಹೊಸ ಶೇಂಗಾ ಸುರಿದಳು. ದೇವಕ್ಕ ಬೇಡ ಅಂದರೂ ಕೇಳಲಿಲ್ಲ.

ಗುಡ್ಡಿಯ ಕಾಲು ಪೂರ್ತಿ ಮಾಯ್ದ ವಾರದಲ್ಲೇ ಕಸ್ತೂರಿಗೆ ಕಲಬುರಗಿಯಿಂದ ಸಂದರ್ಶನದ ಕರೆ ಬಂತು. ಆ ದಿನ ದೇವಕ್ಕ ಟ್ರಂಕು ತೆರೆದಳು. ಇನ್‌ಲ್ಯಾಂಡ್ ಕಾಗದ ಮಡಿಕೆಯಲ್ಲಿ ಹಳದಿಯಾಗಿತ್ತು. ಮೇಲಿನ ವಿಳಾಸ ಡಾಕ್ಟರ ಕೈಯದು, ಅಳಿಸಿರಲಿಲ್ಲ. ಪಡಸಾಲೆಯಲ್ಲಿ ಮಣೆಯ ಮೇಲೆ ಕಾಗದ ಹರಡಿ ಕುಳಿತಳು. ಫ್ಯಾನಿನ ಗಾಳಿಗೆ ಅದು ಏಳುತ್ತಿತ್ತು. ಸೌಭಾಗ್ಯ ಬಂದು ಎದುರು ಕುಳಿತು, ಬಲಗೈಯಿಂದ ಅದರ ಅಂಚು ಒತ್ತಿ ಹಿಡಿದಳು.

ಬಸವಲಿಂಗ ಬಗ್ಗಿ ನೋಡಿದ. "ಯವ್ವ, ಹ್ಯಾಂಗೂ ಬರಿಯಾಕತ್ತಿ. ಕಡೀಕ ನಮ್ಮ ಹುಡುಗಿಂದೂ ಒಂದು ಮಾತು ಹಾಕು. ಕಸ್ತೂರಿ ನಿಮ್ಮಲ್ಲಿ ಬರಾಕತ್ತಾಳ, ನೋಡ್ಕೋರಿ ಅಂತ."

"ಅದು ವಶೀಲಿ. ಇದು ಕೈಯ ಕಾಗದ. ಅಕಿ ತನ್ನದು ತಾ ಗೆದ್ದು ಬರ್ಲಿ."

"ನಾನ ಒಯ್ದು ಕೊಡ್ಲೇನು ಆಯಿ?" ಅಂದಳು ಕಸ್ತೂರಿ.

"ನೀ ಒಯ್ದ್ರೂ ವಶೀಲಿನ. ಡಾಕ್ಟರು ಪೋಸ್ಟಿಗಿ ಹಾಕು ಅಂದಾರ, ಪೋಸ್ಟಿಗೇ ಹಾಕ್ತೀನಿ."

ಬರೆಯಲಿಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಬರೆದದ್ದು ಇಷ್ಟು:

"ಡಾಕ್ಟರ್ ಸಾಹೇಬರಿಗೆ ಗೋಗಿಯ ದೇವಕ್ಕ ಮಾಡುವ ಶರಣು. ಸೊಸೆಯ ಕೈ ಚಲೋ ಇದೆ. ದಿನಾ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ. ಕಿರುಬೆರಳು ಬಾಗಿದೆ, ಚಾದ ಕಪ್ಪು ಹಿಡಿಯಲಿಕ್ಕೆ ಅನುಕೂಲ ಅನ್ನುತ್ತಾಳೆ. ನೀವು ಕೇಳಿದಾಗ ಏನಿಲ್ಲ ಅಂದೆ. ಅದು ಸುಳ್ಳು. ವಿಭೂತಿ, ಔಡಲೆಣ್ಣೆ ಹಚ್ಚಿದೆ. ಐದೂ ಬೆರಳು ಕೂಡಿಸಿ ಕಟ್ಟಿದೆ. ಹದಿನೇಳು ದಿನ ಬಿಚ್ಚಲಿಲ್ಲ. ನಿಮ್ಮ ಕಾಗದದಲ್ಲಿ ಸೌಭಾಗ್ಯಳ ತಪ್ಪು ಅಂತ ಎಲ್ಲಾದರೂ ಇದ್ದರೆ ಅದನ್ನು ಹೊಡೆದು ನನ್ನ ಹೆಸರು ಬರೆಯಿರಿ. ನೀವು ಬೈಯಲಿಲ್ಲ, ಅವಳೂ ಬೈಯಲಿಲ್ಲ. ಇಬ್ಬರ ಋಣ ನನ್ನ ಮೇಲಿದೆ. ಈ ತಿಂಗಳು ನಮ್ಮೂರಲ್ಲಿ ಒಂದು ಕೂಸಿನ ಕಾಲು ಉಳಿಯಿತು. ನೀವು ಹೇಳಿದ್ದು ಖರೆ."

ಸೌಭಾಗ್ಯ ಓದಿದಳು. ಒಳಗೆ ಹೋಗಿ ಗಂಜಿ ತಂದು, ಕಾಗದದ ಅಂಚಿಗೆ ಬಾಗಿದ ಕಿರುಬೆರಳಿನಿಂದ ಸವರಿ ಅಂಟಿಸಿದಳು.

ಮರುದಿನ ಮುಂಜಾನೆ ಎಸರು ಕುದಿಯುವಾಗ ದೇವಕ್ಕ ಒಲೆಯ ಹತ್ತಿರ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತು ಚಪ್ಪಲಿ ಒರೆಸುತ್ತಿದ್ದಳು. "ಅತ್ತಿ, ಎಸರು ಬಂತ್ರಿ!" ಅಂತ ಸೌಭಾಗ್ಯ ಕೂಗಿದಳು.

"ಹುಯ್ಕೋ," ಅಂದಳು ದೇವಕ್ಕ. "ಅರಿವಿ ಗಟ್ಟಿ ಹಿಡಿ."

ರೊಟ್ಟಿ ಕಟ್ಟಿಕೊಂಡು ಮೂವರೂ ಬಸ್ಸಿನ ಕಟ್ಟೆಗೆ ಬಂದರು. ಸಂದರ್ಶನಕ್ಕೆ ಹೊರಟ ಕಸ್ತೂರಿಯ ಬ್ಯಾಗು ಹಿಡಿದು ಬಸವಲಿಂಗ ಮೊದಲೇ ಬಂದು ಸೀಟಿಗೆ ಟವೆಲ್ ಹಾಕಿದ್ದ. ಪೋಸ್ಟಿನ ನಬಿಸಾಬ ಟಪಾಲಿನ ಚೀಲ ತೊಡೆಯ ಮೇಲೆ ಇಟ್ಟುಕೊಂಡು ಬಾಯಿ ಕಟ್ಟುತ್ತಿದ್ದ.

"ತಡಿ ನಬಿಸಾಬ, ನಂದೊಂದು ಅದ."

ಅವನು ಕಾಗದ ತಿರುವಿ ನೋಡಿದ. "ಅಮ್ಮಾ, ಇದು ಯಾವ ಕಾಲದ್ರಿ? ಇಷ್ಟು ವರ್ಷ ಯಾಕ ಇಟ್ಟಿದ್ರಿ? ಬರಿಯಾಕ ಬರತಿದ್ದಿಲ್ಲೇನು?"

"ಬರಿಯಾಕ ಬಂದು ಭಾಳ ವರ್ಷಾತಪ್ಪ," ಅಂದಳು ದೇವಕ್ಕ. "ಹೇಳಾಕ ಬರತಿದ್ದಿಲ್ಲ."

ನಬಿಸಾಬ ಕಿಸೆಯಿಂದ ಸೀಲು ತೆಗೆದು, ಮಸಿಯ ಡಬ್ಬಿಗೆ ಅದ್ದಿ, ಮೊಣಕಾಲ ಮೇಲೆ ಇಟ್ಟು ಒತ್ತಿದ. ಕಾಗದ ಚೀಲದೊಳಗೆ ಹೋಯಿತು. ಚೀಲ ಹಿಡಿದು ಅವನು ಮುಂದಿನ ಬಾಗಿಲಿನಿಂದ ಹತ್ತಿದ, ಕಸ್ತೂರಿ ಹಿಂದಿನ ಬಾಗಿಲಿನಿಂದ ಹತ್ತಿದಳು. ಕಂಡಕ್ಟರ್ ಸೀಟಿ ಊದಿದ. ಶಹಾಪುರದ ಕಡೆ ಬಸ್ಸು ತಿರುಗುವತನಕ ಸೌಭಾಗ್ಯ ಬಲಗೈ ಎತ್ತಿ ಬೀಸಿದಳು, ಐದೂ ಬೆರಳು ಬಿಡಿಸಿ.